ಗ್ರಾವೆಲ್‌ನಲ್ಲಿ ಎಲ್ಲವೂ ಸ್ವಲ್ಪ ಮೊದಲೇ: ಸಿಮ್ ರ‍್ಯಾಲಿಯಲ್ಲಿ ನನ್ನ ಅನುಭವ

ಡಾಂಬರು ಟ್ರ್ಯಾಕಿನ ರೇಸಿಂಗ್ ಗೇಮ್ ಆಡಿ ಅಭ್ಯಾಸ ಆದವರು ಸಿಮ್ ರ‍್ಯಾಲಿಯ, ಅಂದರೆ ನಿಜದ ಹಾಗೆ ಓಡಿಸುವ ರ‍್ಯಾಲಿ ಗೇಮಿನ, ಗ್ರಾವೆಲ್ ಸ್ಟೇಜಿಗೆ (ಟೈಮ್ ಹಿಡಿದು ಓಡಿಸುವ ಜಲ್ಲಿ ದಾರಿಗೆ) ಬಂದ ಕೂಡಲೇ ಹೇಳುವುದು ಒಂದೇ, ಕಾರು ಮಾತು ಕೇಳ್ತಾ ಇಲ್ಲ ಅಂತ. ಕೇಳುತ್ತೆ. ಸ್ವಲ್ಪ ತಡವಾಗಿ ಕೇಳುತ್ತೆ ಅಷ್ಟೇ. ಮೇಲೆ ಸಡಿಲ ಜಲ್ಲಿ, ಕೆಳಗೆ ಗಟ್ಟಿ ನೆಲ. ಟೈರು ಆ ಜಲ್ಲಿಯನ್ನು ಪಕ್ಕಕ್ಕೆ ತಳ್ಳಿ ಕೆಳಗಿನ ನೆಲ ಹಿಡಿಯುವವರೆಗೆ ಕಾರು ಜಾರುತ್ತಲೇ ಇರುತ್ತೆ. ಹಾಗಾಗಿ ಬ್ರೇಕು, ಸ್ಟೀರಿಂಗು, ಆಕ್ಸಿಲರೇಟರು ಎಲ್ಲವೂ ಡಾಂಬರಿನ ಮೇಲೆ ಮಾಡುವುದಕ್ಕಿಂತ ಮೊದಲೇ ಆಗಬೇಕು. ನನ್ನ ಸೆಟಪ್ಪು, ನಾನು ಪ್ರಾಕ್ಟೀಸ್ ಮಾಡುವ ರೀತಿ, ಎಲ್ಲ ಈ ಒಂದು ವಿಷಯದ ಸುತ್ತಲೇ ಇದೆ.

ನಾನಿರುವುದು ಚಿಕ್ಕಮಗಳೂರಿನ ಆಲ್ದೂರು ಕಡೆ. ನಮ್ಮವರಿಗೆ ರ‍್ಯಾಲಿ ಹೊಸದಲ್ಲ. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ಪಿನ ಸುತ್ತುಗಳು ಇಲ್ಲಿಯ ಕಾಫಿ ತೋಟದ ರಸ್ತೆಗಳಲ್ಲಿ ನಡೆದಿವೆ, ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಭಾರತದ ಸುತ್ತೂ ಇಲ್ಲಿ ನಡೆದಿದೆ. ಆ ಏಷ್ಯಾ ಪೆಸಿಫಿಕ್ ಪಟ್ಟವನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ ಈ ತೋಟಗಳ ನಡುವೆ ಓಡಿಸಿದವರು. ಬೇಲಿ ಪಕ್ಕ ನಿಂತು ರ‍್ಯಾಲಿ ನೋಡುವಾಗ ನನ್ನ ಗಮನ ಸೆಳೆದದ್ದು ವೇಗಕ್ಕಿಂತ ಜಾಸ್ತಿ ಇನ್ನೊಂದು. ತಿರುವು ಇನ್ನೂ ಮುಂದೆ ಇರುತ್ತೆ, ಕಾರಿನ ಮೂತಿ ಆಗಲೇ ಒಳಗಡೆಗೆ ತಿರುಗಿರುತ್ತೆ, ಅಂದರೆ ಡ್ರೈವರ್ ತಿರುವಿನ ಕೆಲಸವನ್ನೆಲ್ಲ ತಿರುವಿಗೆ ಮೊದಲೇ ಮುಗಿಸಿಬಿಟ್ಟಿರುತ್ತಾನೆ. ಗೇಮಿನಲ್ಲೂ ಇದನ್ನೇ ಮಾಡಬೇಕು ಅಂತ ನನಗೆ ಆಗಲೇ ಅನ್ನಿಸಿತ್ತು.

ನಾನು ಜಾಸ್ತಿ ಆಡುವುದು ಡರ್ಟ್ ರ‍್ಯಾಲಿ 2.0. ಅದು 2019ರ ಗೇಮ್, ಹಳೆಯ ಕಂಪ್ಯೂಟರ್‌ನಲ್ಲೂ ಓಡುತ್ತೆ. 2023ರಲ್ಲಿ ಬಂದ ಇಎ ಸ್ಪೋರ್ಟ್ಸ್ ಡಬ್ಲ್ಯೂಆರ್‌ಸಿಯಲ್ಲಿ ಸ್ಟೇಜ್‌ಗಳು ಉದ್ದ, ದೇಶಗಳೂ ಜಾಸ್ತಿ, ಆದರೆ ಅದಕ್ಕೆ ಗಟ್ಟಿ ಗ್ರಾಫಿಕ್ಸ್ ಕಾರ್ಡ್ ಬೇಕು. ಇವೆರಡಕ್ಕಿಂತ ಕಾರಿನ ನಡತೆ ನಿಜಕ್ಕೆ ಹತ್ತಿರ ಇರೋದು 2004ರ ರಿಚರ್ಡ್ ಬರ್ನ್ಸ್ ರ‍್ಯಾಲಿಯಲ್ಲಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. 2001ರ ವಿಶ್ವ ಚಾಂಪಿಯನ್ ರಿಚರ್ಡ್ ಬರ್ನ್ಸ್ ಹೆಸರಿನ ಗೇಮ್ ಅದು. ಇಷ್ಟು ವರ್ಷ ಆದರೂ ಅಭಿಮಾನಿಗಳೇ ಹೊಸ ಕಾರು, ಹೊಸ ಸ್ಟೇಜು, ಹೊಸ ಫಿಸಿಕ್ಸ್ ಸೇರಿಸಿ ಅದನ್ನು ಉಳಿಸಿಕೊಂಡಿದ್ದಾರೆ. ಆದರೆ ಹೊಸಬರಿಗೆ ಅದು ಸ್ವಲ್ಪವೂ ಬಿಟ್ಟುಕೊಡಲ್ಲ. ಅದಕ್ಕೇ ಡರ್ಟ್ ರ‍್ಯಾಲಿಯಿಂದ ಶುರು ಮಾಡಿ ಅನ್ನುತ್ತೇನೆ.

ಸ್ಟೀರಿಂಗ್ ವೀಲ್ ಇಲ್ಲದಿದ್ದರೆ ಕಂಟ್ರೋಲರ್ ಸಾಕು. ಹಾಸನದಲ್ಲಿರುವ ನನ್ನ ಗೆಳೆಯನೊಬ್ಬ ಕಂಟ್ರೋಲರ್‌ನಲ್ಲೇ ನನಗಿಂತ ಚೆನ್ನಾಗಿ ಆಡುತ್ತಾನೆ. ವೀಲ್ ಇದ್ದರೆ ಮೊದಲು ನೋಡಬೇಕಾದ್ದು ಅದು ಎಷ್ಟು ಡಿಗ್ರಿ ತಿರುಗುತ್ತೆ ಅನ್ನೋದು. ಮನೆಬಳಕೆಯ ವೀಲ್‌ಗಳು ಸಾಮಾನ್ಯವಾಗಿ 900 ಡಿಗ್ರಿ. ರ‍್ಯಾಲಿಗೆ ಅಷ್ಟು ಬೇಡ, ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿದಾಗ ಅಷ್ಟು ಸುತ್ತು ತಿರುಗಿಸಿ ವಾಪಸ್ ತರುವಷ್ಟರಲ್ಲಿ ಹೊತ್ತು ಮೀರಿರುತ್ತೆ. ನಾನು 540ಕ್ಕೆ ಇಟ್ಟಿದ್ದೇನೆ. ಫೋರ್ಸ್ ಫೀಡ್‌ಬ್ಯಾಕ್‌ನಲ್ಲಿ (ವೀಲ್ ಕೈಗೆ ಕೊಡುವ ಒದೆತ, ಅದುರು) ಡಿಕ್ಕಿಯ ಏಟು ತೋರಿಸುವ ಕೊಲಿಷನ್ ಕಡಿಮೆ ಮಾಡಿ, ನೆಲದ ಏರುಪೇರು ತೋರಿಸುವ ಸಸ್ಪೆನ್ಷನ್ ಸ್ವಲ್ಪ ಏರಿಸಿಕೊಳ್ಳಿ. ಕಲ್ಲಿಗೆ ಹೊಡೆದಾಗ ಕೈ ಉಳುಕುವ ಹಾಗೆ ಒದೆಯುವುದರಿಂದ ಕಲಿಯೋದು ಏನೂ ಇಲ್ಲ. ಚಕ್ರದ ಕೆಳಗೆ ನೆಲ ಹೇಗೆ ಬದಲಾಗ್ತಿದೆ ಅನ್ನೋದು ಕೈಗೆ ಗೊತ್ತಾಗಬೇಕು, ಅದು ಮುಖ್ಯ.

ಹ್ಯಾಂಡ್‌ಬ್ರೇಕ್ ಮಾತ್ರ ನಾನೇ ಮಾಡಿಸಿಕೊಂಡೆ. ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಪೈಪು, ತಳಕ್ಕೆ ತಗಡು, ವಾಪಸ್ ಎಳೆಯಲು ಒಂದು ಸ್ಪ್ರಿಂಗು. ತಿರುಗುವ ಜಾಗಕ್ಕೆ, ಎಷ್ಟು ತಿರುಗಿದೆ ಅಂತ ಅಳೆಯುವ ಪೊಟೆನ್ಶಿಯೋಮೀಟರ್, ಅದರಿಂದ ವೈರು ಆರ್ಡುಯಿನೋ ಲಿಯೊನಾರ್ಡೊ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ. ಆ ಬೋರ್ಡನ್ನು ಕಂಪ್ಯೂಟರ್ ಜಾಯ್‌ಸ್ಟಿಕ್ ಅಂತ ಗುರುತಿಸುವ ಹಾಗೆ ಮಾಡಬಹುದು, ಬೇರೆ ಏನೂ ಬೇಕಿಲ್ಲ. ಬಟನ್ ಒತ್ತಿದರೆ ಹ್ಯಾಂಡ್‌ಬ್ರೇಕ್ ಪೂರ್ತಿ ಬೀಳುತ್ತೆ ಅಥವಾ ಬೀಳಲ್ಲ. ಲಿವರ್ ಆದರೆ ಅರ್ಧ ಎಳೆದು ಹಿಂಭಾಗವನ್ನು ಬೇಕಾದಷ್ಟೇ ಜಾರಿಸಬಹುದು.

ಮಲೆನಾಡಿನವರಿಗೆ ಒಂದು ವಿಷಯ ಹೇಳಲೇಬೇಕು. ಮಳೆಗಾಲದ ಥಂಡಿಗೆ, ಧೂಳಿಗೆ ಪೆಡಲ್ ಒಳಗಿನ ಪೊಟೆನ್ಶಿಯೋಮೀಟರ್ ಕೆಡುತ್ತೆ. ಕಾಲು ಇಡದೆಯೇ ಬ್ರೇಕ್ ಮಿಣುಕ್ ಅಂತ ಬೀಳೋದು, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಮುಕ್ಕಾಲು ಮಾತ್ರ ತೋರಿಸೋದು ಕಂಡರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಪೆಡಲನ್ನು ಹಲವು ಸಲ ಮೇಲೆ ಕೆಳಗೆ ಆಡಿಸಿ, ಬಹಳ ಸಲ ಅಷ್ಟರಲ್ಲೇ ಸರಿಹೋಗುತ್ತೆ. ಇನ್ನು ಕರೆಂಟು. ಯುಪಿಎಸ್ ಇಲ್ಲದೆ ಆನ್‌ಲೈನ್ ರ‍್ಯಾಲಿಗೆ ಇಳಿಯಬೇಡಿ. ವೀಲ್ ಅಡಾಪ್ಟರನ್ನೂ ಯುಪಿಎಸ್‌ಗೇ ಹಾಕಿ.

ಈಗ ಓಡಿಸುವ ವಿಷಯ. ಮೊದಲ ಕಾರು ಮುಂದಿನ ಚಕ್ರ ಎಳೆಯುವ, ಕಡಿಮೆ ಪವರ್‌ನ ಕಾರಾಗಿರಲಿ. ನಾನು ಫೋರ್ಡ್ ಫಿಯೆಸ್ಟಾ ಆರ್2ನಿಂದ ಶುರು ಮಾಡಿದೆ. ಈ ಕಾರಿನಲ್ಲಿ ಎಡಗಾಲಿನ ಬ್ರೇಕ್ ಕಲಿಯದೆ ಮುಂದೆ ಹೋಗೋಕೆ ಆಗಲ್ಲ, ಅದೇ ಅದರ ಒಳ್ಳೆಯ ಗುಣ. ಬಲಗಾಲು ಆಕ್ಸಿಲರೇಟರ್ ಮೇಲೆ ಇರಬೇಕು, ಎಡಗಾಲಿನಿಂದ ಬ್ರೇಕನ್ನು ಮೆಲ್ಲಗೆ ಮುಟ್ಟಬೇಕು. ಭಾರ ಮುಂದಕ್ಕೆ ಬರುತ್ತೆ, ಮುಂದಿನ ಟೈರು ನೆಲ ಕಚ್ಚುತ್ತೆ, ಹಿಂಭಾಗ ಹಗುರ ಆಗುತ್ತೆ. ಆಕ್ಸಿಲರೇಟರ್ ಒತ್ತಿರುವುದರಿಂದ ಮುಂದಿನ ಚಕ್ರ ತಿರುಗುತ್ತಲೇ ಇರುತ್ತೆ, ಬ್ರೇಕಿನ ಪರಿಣಾಮ ಹಿಂದಿನ ಚಕ್ರಗಳ ಮೇಲೆ ಜಾಸ್ತಿ ಆಗುತ್ತೆ, ಅಷ್ಟರಲ್ಲಿ ಸ್ಟೀರಿಂಗನ್ನು ಒಂಚೂರು ತಿರುಗಿಸಿದರೂ ಕಾರು ತಾನಾಗಿ ಒಳಗೆ ಬರುತ್ತೆ. ನಮ್ಮ ಎಡಗಾಲಿಗೆ ಕ್ಲಚ್ ಒತ್ತಿ ಅಭ್ಯಾಸ, ಬ್ರೇಕ್ ಮೇಲೂ ಹಾಗೇ ಜೋರಾಗಿ ಬೀಳುತ್ತೆ. ಅದು ಹದಕ್ಕೆ ಬರುವವರೆಗೆ ಡರ್ಟ್‌ಫಿಶ್ ಮೈದಾನದಲ್ಲಿ ಸುಮ್ನೆ ಸುತ್ತು ಹಾಕಿ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಿಜವಾಗಿಯೂ ಇರುವ ರ‍್ಯಾಲಿ ಶಾಲೆ ಅದು, ಗೇಮಿನಲ್ಲಿ ಅದರ ಜಾಗವನ್ನು ಕೊಟ್ಟಿದ್ದಾರೆ. ಅಲ್ಲಿ ಟೈಮ್ ಇಲ್ಲ, ಒತ್ತಡ ಇಲ್ಲ.

ಬ್ರೇಕ್ ಬಗ್ಗೆ ಇನ್ನೊಂದು ವಿಷಯ. ಸಡಿಲ ಜಲ್ಲಿಯಲ್ಲಿ ಚಕ್ರ ಲಾಕ್ ಆದರೆ, ಅಂದರೆ ತಿರುಗದೆ ನಿಂತರೆ, ಮುಂದೆ ಜಲ್ಲಿ ಗುಪ್ಪೆ ಆಗಿ ಅದೇ ಕಾರನ್ನು ತಡೆಯುತ್ತೆ. ಹಾಗಾಗಿ ನೇರ ದಾರಿಯಲ್ಲಿ ಲಾಕ್ ಆಗುವುದಕ್ಕೆ ಡಾಂಬರಿನಷ್ಟು ಹೆದರಬೇಕಿಲ್ಲ. ಆದರೆ ಲಾಕ್ ಆದ ಚಕ್ರ ತಿರುವು ತಗೊಳ್ಳಲ್ಲ. ನೇರ ಇರುವಾಗ ಜೋರಾಗಿ ಒತ್ತಿ, ತಿರುಗಿಸುವ ಹೊತ್ತಿಗೆ ಸಡಿಲ ಬಿಡಿ.

ಸ್ಟೇಜ್‌ಗಳಲ್ಲಿ ಮೊದಲು ನ್ಯೂಜಿಲೆಂಡ್. ಅಲ್ಲಿ ರಸ್ತೆ ಹರಿಯುತ್ತಾ ಹೋಗುತ್ತೆ, ಒಂದು ತಿರುವಿನ ಕೊನೆಯೇ ಇನ್ನೊಂದರ ಶುರು, ಭಾರವನ್ನು ಎಡಕ್ಕೂ ಬಲಕ್ಕೂ ಸರಿಸುವ ಲಯ ಅಲ್ಲೇ ಸಿಗುತ್ತೆ. ಸ್ಕ್ಯಾಂಡಿನೇವಿಯನ್ ಫ್ಲಿಕ್ ಅನ್ನುವುದೂ ಇದೇ ಲೆಕ್ಕ. ಬಲಕ್ಕೆ ಹೋಗಬೇಕಾದರೆ ಮೊದಲು ಎಡಕ್ಕೆ ಸ್ವಲ್ಪ ತಿರುಗಿಸಿ, ಆಕ್ಸಿಲರೇಟರ್ ಬಿಟ್ಟು, ಕಾರಿನ ಹಿಂಭಾಗ ತೂಗಿದ ಕ್ಷಣಕ್ಕೆ ಬಲಕ್ಕೆ ತಿರುಗಿಸೋದು. ಅದು ಕೈಗೆ ಹತ್ತಿದ ಮೇಲೆ ಅರ್ಜೆಂಟೀನಾ. ಅಲ್ಲಿ ದಾರಿ ಕಿರಿದು, ಪಕ್ಕದಲ್ಲೇ ಬಂಡೆ, ಹೇರ್‌ಪಿನ್ ಮೇಲೆ ಹೇರ್‌ಪಿನ್. ನಮ್ಮ ತೋಟದ ರಸ್ತೆಯಲ್ಲಿ ಜೀಪು ಓಡಿಸಿದವರಿಗೆ ಅದು ಕೂಡಲೇ ಗುರುತು ಸಿಗುತ್ತೆ, ಅಲ್ವಾ? ಅಲ್ಲಿ ಫ್ಲಿಕ್ ಮಾಡಲು ಅಗಲ ಇಲ್ಲ, ಹ್ಯಾಂಡ್‌ಬ್ರೇಕೇ ಗತಿ.

ಪಕ್ಕದಲ್ಲಿ ಕೂತ ಕೋ-ಡ್ರೈವರ್ ಓದುವ, ಮುಂದಿನ ತಿರುವುಗಳನ್ನು ಹೇಳುವ ಪೇಸ್‌ನೋಟನ್ನು ಕೇಳುವುದೂ ಕಲಿಯಬೇಕಾದ ಕೆಲಸ. 1 ಅಂದರೆ ತೀರಾ ನಿಧಾನದ ತಿರುವು, 6 ಅಂದರೆ ಹೆಚ್ಚುಕಡಿಮೆ ನೇರ. ಅವನು ಮುಂದಿನ ತಿರುವು ಹೇಳುವಾಗ ನೀವಿನ್ನೂ ಈ ತಿರುವಿನಲ್ಲಿ ಇರುತ್ತೀರಿ. ಕಣ್ಣಿಗೆ ಕಂಡ ಮೇಲೆ ಬ್ರೇಕ್ ಒತ್ತಿದರೆ ಗ್ರಾವೆಲ್‌ನಲ್ಲಿ ಆಗಲೇ ತಡ, ಕಿವಿಗೆ ಬಿದ್ದಾಗಲೇ ತಯಾರಾಗಬೇಕು. ಗೇಮಿನ ಇಂಜಿನ್ ಸದ್ದನ್ನು ಸ್ವಲ್ಪ ಇಳಿಸಿ ಕೋ-ಡ್ರೈವರ್ ದನಿ ಏರಿಸಿದರೆ ಇದು ಬೇಗ ಬರುತ್ತೆ.

ಕಾರ್ ಸೆಟಪ್ಪಿನಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸ್ಪ್ರಿಂಗ್ ಮೆತ್ತಗೆ, ಕಾರು ನೆಲದಿಂದ ಸ್ವಲ್ಪ ಎತ್ತರ, ಆಂಟಿ-ರೋಲ್ ಬಾರ್ (ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಕಂಬಿ) ಸಡಿಲ, ಬ್ರೇಕ್ ಬಯಾಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಬ್ರೇಕಿನ ಹಂಚಿಕೆ) ಒಂದೆರಡು ಗೆರೆ ಹಿಂದಕ್ಕೆ. ಕಾರಣ ಸರಳ. ಗುಂಡಿ, ಕಲ್ಲು ಬಂದರೂ ಟೈರು ನೆಲ ಬಿಡಬಾರದು. ನಿಜವಾದ ವಿಶ್ವ ರ‍್ಯಾಲಿ ಕಾರುಗಳೂ ಡಾಂಬರಿಗೆ 18 ಇಂಚಿನ ಚಕ್ರ ಹಾಕಿದರೆ ಗ್ರಾವೆಲ್‌ಗೆ 15 ಇಂಚಿನದು ಹಾಕುತ್ತವೆ. ಚಿಕ್ಕ ಚಕ್ರದ ಸುತ್ತ ದಪ್ಪ ಟೈರು ಇದ್ದರೆ ಕಲ್ಲಿನ ಏಟು ತಡೆಯುತ್ತೆ, ಟೈರಿನ ಅಗಲವೂ ಕಡಿಮೆ ಇರುವುದರಿಂದ ಜಲ್ಲಿ ಸೀಳಿ ಕೆಳಗಿನ ನೆಲ ಮುಟ್ಟುತ್ತೆ.

ಡರ್ಟ್ ರ‍್ಯಾಲಿ 2.0ದಲ್ಲಿ ನನಗೆ ತುಂಬಾ ಇಷ್ಟವಾದದ್ದು ರಸ್ತೆ ಬದಲಾಗೋದು. ಮೊದಲು ಹೊರಟ ಕಾರಿಗೆ ಸಡಿಲ ಜಲ್ಲಿ ಪೂರ್ತಿ ಸಿಗುತ್ತೆ. ಹಿಂದೆ ಬಂದವರಿಗೆ ಗುಡಿಸಿದ ದಾರಿ. ಇನ್ನೂ ಹಿಂದಾದರೆ ಚಕ್ರದ ಜಾಡು ಆಳವಾಗಿ, ಅದರೊಳಗೆ ಬಿದ್ದ ಕಾರು ಹೊರಗೆ ಬರಲು ಒಪ್ಪಲ್ಲ. ಅದೇ ಸ್ಟೇಜನ್ನು ಬೇರೆ ಬೇರೆ ಸರದಿಯಲ್ಲಿ ಓಡಿಸಿ ನೋಡಿ. ಮೊದಲು ಹೊರಟಾಗ ನಾನು ಎಲ್ಲ ತಿರುವಿಗೂ ಇನ್ನಷ್ಟು ಬೇಗ ಬ್ರೇಕ್ ಒತ್ತುತ್ತೇನೆ. ಕೊನೆಗೆ ಹೊರಟಾಗ ಜಾಡಿಗೆ ಅಡ್ಡ ಹೋಗದೆ, ಒಳಗಿನ ಚಕ್ರವನ್ನು ಜಾಡಿನೊಳಗೆ ಇಳಿಸಿ, ಸ್ಟೀರಿಂಗನ್ನು ಬಿಗಿಯಾಗಿ ಹಿಡಿಯದೆ ಅದರ ಪಾಡಿಗೆ ಹೋಗಲು ಬಿಡುತ್ತೇನೆ. ಫಿಯೆಸ್ಟಾದಲ್ಲಿ ಇದು ಬಂದ ಮೇಲೆ ಹಿಂದಿನ ಚಕ್ರ ಓಡಿಸುವ ಎಸ್ಕಾರ್ಟ್ ಎಂಕೆ 2 ತಗೊಳ್ಳಿ. ಅಲ್ಲಿ ಆಕ್ಸಿಲರೇಟರೇ ಅರ್ಧ ಸ್ಟೀರಿಂಗ್ ಕೆಲಸ ಮಾಡುತ್ತೆ, ಬಲಗಾಲಿಗೆ ಹೊಸ ಪಾಠ ಅಲ್ಲಿಂದ ಶುರು.