ಪಿಟ್ಸ್‌ಬರ್ಗಿಗೆ ಬಂದಿರಾ? ಮೊದಲು ಕ್ವಾರ್ಟರ್‌ಬ್ಯಾಕ್ ಕಥೆ ಕೇಳಿ

ಡ್ರೈವಿಂಗ್ ಲೈಸೆನ್ಸು, ಸೋನಾ ಮಸೂರಿ ಸಿಗುವ ಅಂಗಡಿ, ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದ ದಾರಿ ಇವನ್ನೆಲ್ಲ ನಿಮಗೆ ಯಾರಾದರೂ ಹೇಳಿಕೊಡುತ್ತಾರೆ. ನಾನು ಹೇಳಹೊರಟಿರುವುದು ಯಾರೂ ಹೇಳಿಕೊಡದ ವಿಷಯ. ಫೆಬ್ರವರಿಯಿಂದ ಜೂನ್‌ವರೆಗೆ ಈ ಊರಿನ ಆಫೀಸ್ ಲಿಫ್ಟಿನಲ್ಲಿ, ಹೇರ್‌ಕಟ್ ಅಂಗಡಿಯಲ್ಲಿ, ಹಲ್ಲು ಡಾಕ್ಟರ ಮುಂದೆ ಬಾಯಿ ತೆರೆದು ಕೂತಾಗಲೂ ಕೇಳಿಬರುವ ಪ್ರಶ್ನೆ ಒಂದೇ: ಈ ಸಲ ಸ್ಟೀಲರ್ಸ್‌ಗೆ ಕ್ವಾರ್ಟರ್‌ಬ್ಯಾಕ್ ಯಾರು? ಸ್ಟೀಲರ್ಸ್ ಅಂದರೆ ಈ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ. ಮ್ಯಾಚ್ ಇಲ್ಲದ ತಿಂಗಳುಗಳಲ್ಲೇ ಈ ಮಾತು ಜಾಸ್ತಿ.

ಆಟದ ನಿಯಮವೆಲ್ಲ ಆಮೇಲೆ ಕಲಿತರಾಯಿತು. ಸದ್ಯಕ್ಕೆ ಇಷ್ಟು ಸಾಕು. ತಂಡದಲ್ಲಿ 53 ಜನ ಇದ್ದರೂ, ನಮ್ಮವರು ದಾಳಿಗಿಳಿದಾಗ ಹೆಚ್ಚುಕಡಿಮೆ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಎಸೆಯಬೇಕು, ಇಲ್ಲ ಪಕ್ಕದವನಿಗೆ ಕೊಡಬೇಕು, ಇಲ್ಲ ತಾನೇ ಹಿಡಿದು ಓಡಬೇಕು. ಅಷ್ಟರಲ್ಲಿ 130 ಕಿಲೋ ತೂಗುವವರು ಅವನ ಮೇಲೆ ಬೀಳಲು ಬರುತ್ತಿರುತ್ತಾರೆ. ಕ್ಯಾಪ್ಟನ್, ಓಪನರ್, ಕೀಪರ್ ಮೂರೂ ಒಬ್ಬನೇ ಆಗಿದ್ದರೆ ಹೇಗೋ ಹಾಗೆ. ಒಳ್ಳೆಯವನು ಸಿಕ್ಕರೆ ಹದಿನೈದು ವರ್ಷ ಊರಿಗೆ ನೆಮ್ಮದಿ.

ಈ ಊರಿಗೆ ಆ ನೆಮ್ಮದಿ ಇತ್ತು. 2004ರಲ್ಲಿ ಬಂದ ಬೆನ್ ರಾಥ್ಲಿಸ್‌ಬರ್ಗರ್ 18 ಸೀಸನ್ ಆಡಿ, ಎರಡು ಸಲ ಸೂಪರ್ ಬೌಲ್ ಎಂಬ ಫೈನಲ್ ಗೆಲ್ಲಿಸಿ, 2022ರ ಜನವರಿಯಲ್ಲಿ ನಿವೃತ್ತನಾದ. ಅಲ್ಲಿಂದ ಶುರು, ವಯಸ್ಸಿಗೆ ಬಂದ ಮಗಳಿಗೆ ಗಂಡು ಹುಡುಕುವಂಥ ಓಡಾಟ.

ಜಾತಕ, ನಕ್ಷತ್ರ ಬಿಟ್ಟರೆ ಉಳಿದಿದ್ದೆಲ್ಲ ಇಲ್ಲೂ ನಡೆಯುತ್ತದೆ. ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎಂಬ ವಧುಪರೀಕ್ಷೆ. ಕಾಲೇಜು ಆಟಗಾರರನ್ನು ಓಡಿಸುತ್ತಾರೆ, ನೆಗೆಸುತ್ತಾರೆ, ಟೇಪು ಹಿಡಿದು ಅಂಗೈ ಅಳೆಯುತ್ತಾರೆ. ನಮ್ಮ ಪಿಟ್ಸ್‌ಬರ್ಗ್ ಯೂನಿವರ್ಸಿಟಿಯ ಹುಡುಗ ಕೆನಿ ಪಿಕೆಟ್‌ನ ಅಂಗೈ ಎಂಟೂವರೆ ಇಂಚು ಬಂತು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಎಂಟೂವರೆ. ಅಷ್ಟು ಚಿಕ್ಕ ಕೈಯಲ್ಲಿ ಒದ್ದೆ ಚೆಂಡು ನಿಲ್ಲುತ್ತದೆಯೇ ಅಂತ ತಿಂಗಳುಗಟ್ಟಲೆ ಚರ್ಚೆ! ಆ ದಿನಗಳಲ್ಲಿ ನಮ್ಮ ಆಫೀಸಿನ ಊಟದ ಮೇಜಿನ ಮೇಲೆ ಸ್ಕೇಲು ಬಂದಿತ್ತು. ನನ್ನ ಅಂಗೈ ಎಂಟು. ಒಬ್ಬಾತ ನನ್ನ ಹೆಗಲು ತಟ್ಟಿ, "ನಿನಗೂ ಚಾನ್ಸಿದೆ" ಅಂದ. ಏಳು ವರ್ಷ ಒಂದೇ ಮಹಡಿಯಲ್ಲಿ ಕೆಲಸ ಮಾಡಿದ್ದರೂ ಆತ ನನ್ನ ಜೊತೆ ಕೆಲಸ ಬಿಟ್ಟು ಬೇರೆ ಮಾತಾಡಿದ್ದು ಅವತ್ತೇ ಮೊದಲು.

ಏಪ್ರಿಲ್ ಕೊನೆಗೆ ಡ್ರಾಫ್ಟ್, ಅಂದರೆ ಆ ಕಾಲೇಜು ಹುಡುಗರನ್ನು ತಂಡಗಳು ಆರಿಸಿಕೊಳ್ಳುವ ದಿನ. ಐಪಿಎಲ್ ಹರಾಜು ನೋಡಿ ಬೆಳೆದವರಿಗೆ ಇದು ಮೊದಮೊದಲು ತಲೆಗೆ ಹತ್ತುವುದಿಲ್ಲ. ಹರಾಜಿನಲ್ಲಿ ದುಡ್ಡಿದ್ದವನು ಕೂಗುತ್ತಾನೆ. ಇಲ್ಲಿ ಕೂಗುವಂತಿಲ್ಲ, ಸರದಿ. ಕಳೆದ ಸೀಸನ್‌ನಲ್ಲಿ ತೀರಾ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ, ಚಾಂಪಿಯನ್‌ಗೆ ಕೊನೆಯದು. ನಮ್ಮ ಊರಿನ ಸಂಕಟ ಇರುವುದೇ ಇಲ್ಲಿ. ಮೈಕ್ ಟಾಮ್ಲಿನ್ 2007ರಲ್ಲಿ ಕೋಚ್ ಆದ ಮೇಲೆ, 2024ರವರೆಗಿನ 18 ಸೀಸನ್‌ಗಳಲ್ಲಿ ಗೆಲುವಿಗಿಂತ ಸೋಲು ಜಾಸ್ತಿಯಾದದ್ದು ಒಮ್ಮೆಯೂ ಇಲ್ಲ. ಹಾಗಾಗಿ ಸರದಿ ಬರುವಷ್ಟರಲ್ಲಿ ಒಳ್ಳೊಳ್ಳೆ ಕ್ವಾರ್ಟರ್‌ಬ್ಯಾಕ್‌ಗಳೆಲ್ಲ ಖಾಲಿ. ಫೇಲಾದರೆ ಗ್ರೇಸ್ ಮಾರ್ಕ್ಸ್ ಸಿಗುತ್ತಿತ್ತು, ನಮ್ಮವರು ಪ್ರತಿ ವರ್ಷ 36 ತೆಗೆದು ಪಾಸಾಗುತ್ತಾರೆ. "ಒಂದು ವರ್ಷ ಬೇಕಂತಲೇ ಸೋತುಬಿಡಬಹುದಲ್ಲ?" ಅಂತ ನಿಮಗನಿಸುತ್ತದೆ, ನನಗೂ ಅನಿಸಿತ್ತು. ಈ ಊರಲ್ಲಿ ಆ ಮಾತನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಿ.

2022ರಲ್ಲಿ 20ನೇ ಆಯ್ಕೆ ಬಂತು, ಅದೇ ಪಿಕೆಟ್‌ನನ್ನು ತೆಗೆದುಕೊಂಡರು. ಎರಡೇ ಸೀಸನ್. 2024ರ ಮಾರ್ಚ್‌ನಲ್ಲಿ ರಸೆಲ್ ವಿಲ್ಸನ್‌ನನ್ನು ಕರೆತಂದರು, ಪಿಕೆಟ್‌ನನ್ನು ಫಿಲಡೆಲ್ಫಿಯಾಕ್ಕೆ ದಾಟಿಸಿದರು. ಡೆನ್ವರ್ ತಂಡ ವಿಲ್ಸನ್‌ನನ್ನು ಬಿಟ್ಟುಕೊಟ್ಟಿತ್ತು, ಆದರೆ ಒಪ್ಪಂದದ ದುಡ್ಡು ಕೊಡಲೇಬೇಕಿತ್ತು. ಹಾಗಾಗಿ ಪಿಟ್ಸ್‌ಬರ್ಗ್ ಕೊಟ್ಟಿದ್ದು ಬರೀ 12.1 ಲಕ್ಷ ಡಾಲರ್. ಜೊತೆಗೆ ಷಿಕಾಗೊದಿಂದ ಜಸ್ಟಿನ್ ಫೀಲ್ಡ್ಸ್. ಫೀಲ್ಡ್ಸ್ ಮೊದಲ ಆರು ಮ್ಯಾಚ್‌ನಲ್ಲಿ ನಾಲ್ಕು ಗೆದ್ದುಕೊಟ್ಟ, ಆಮೇಲೆ ವಿಲ್ಸನ್‌ಗೆ ಬಿಟ್ಟುಕೊಡಬೇಕಾಯಿತು. ಕೊನೆಗೆ ಪ್ಲೇಆಫ್ ಸೇರಿ ಸತತ ಐದು ಸೋಲು. 2025ರ ಮಾರ್ಚ್‌ನಲ್ಲಿ ಇಬ್ಬರೂ ನ್ಯೂಯಾರ್ಕ್‌ಗೆ ಹೋದರು, ಒಬ್ಬ ಜೆಟ್ಸ್‌ಗೆ, ಇನ್ನೊಬ್ಬ ಜಯಂಟ್ಸ್‌ಗೆ.

ಆಮೇಲೆ ಇನ್ನೊಬ್ಬ ಹಿರಿಯ ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ಪ್ರಕರಣ. 41 ವರ್ಷ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು, ಡ್ರಾಫ್ಟೂ ಮುಗಿಯಿತು. ಗಂಡಿನ ಕಡೆಯವರ ಫೋನಿಗೆ ಕಾದ ಹಾಗೆ ಇಡೀ ಊರು ಕಾದಿತ್ತು. ಜೂನ್ ಮೊದಲ ವಾರದಲ್ಲಿ ಒಂದು ವರ್ಷಕ್ಕೆ ಸಹಿ ಹಾಕಿದ. ಇಷ್ಟು ಕಾಯಿಸಿಕೊಳ್ಳಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಬೀದಿಯ ಪೋಸ್ಟ್‌ಮನ್‌ಗೆ ಇದು ಒಪ್ಪಿಗೆಯಿಲ್ಲ.

ಒಂದು ಹೆಸರನ್ನು ಮಾತ್ರ ಹುಷಾರಾಗಿ ಎತ್ತಿ: ಡ್ಯಾನ್ ಮರೀನೊ. ಇಲ್ಲೇ ನಮ್ಮೂರಿನ ಓಕ್‌ಲ್ಯಾಂಡ್ ಬಡಾವಣೆಯಲ್ಲಿ ಬೆಳೆದು, ಇಲ್ಲೇ ಓದಿದವನು. 1983ರ ಡ್ರಾಫ್ಟ್‌ನಲ್ಲಿ 21ನೆಯದು ಸ್ಟೀಲರ್ಸ್ ಸರದಿ. ಅವನನ್ನು ಬಿಟ್ಟರು. 27ನೆಯವನಾಗಿ ಮಯಾಮಿಗೆ ಹೋಗಿ ದಂತಕಥೆಯಾದ. ಅದಕ್ಕೂ ಮುಂಚೆ, 1955ರಲ್ಲಿ, ಇದೇ ಊರಿನ ಜಾನಿ ಯುನೈಟಾಸ್‌ನನ್ನು ಆರಿಸಿ, ಒಂದೂ ಮ್ಯಾಚ್ ಆಡಿಸದೆ ಮನೆಗೆ ಕಳಿಸಿದ್ದರು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಇವರಿಗೆ ಯಾರು ಹೇಳಿಕೊಟ್ಟರೋ. ನಲವತ್ತು ವರ್ಷ ದಾಟಿದ ಮರೀನೊ ನೋವನ್ನು ಅಜ್ಜಂದಿರು ಇವತ್ತಿಗೂ ನಿನ್ನೆ ಮೊನ್ನೆಯದೆಂಬಂತೆ ಹೇಳುತ್ತಾರೆ. ಸುಮ್ಮನೆ ಕೇಳಿ. ಮಧ್ಯದಲ್ಲಿ ಬಾಯಿ ಹಾಕಬೇಕಿದ್ದರೆ, ಒಂದು ಕಪ್‌ಗಾಗಿ 18 ಸೀಸನ್ ಕಾದ ಆರ್‌ಸಿಬಿ ಕಥೆ ಹೇಳಿ, ತಕ್ಷಣ ಅರ್ಥವಾಗುತ್ತದೆ.

ಇನ್ನು ಟವೆಲ್ ವಿಚಾರ. ಪಕ್ಕದ ಮನೆಯಲ್ಲಿ ಅರಿಶಿನ ಬಣ್ಣದ ಟವೆಲ್ ಕುರ್ಚಿಯ ಮೇಲಿದ್ದರೆ ಅದು ಒರೆಸುವ ಬಟ್ಟೆಯಲ್ಲ. 1975ರಲ್ಲಿ ರೇಡಿಯೊ ಕಾಮೆಂಟೇಟರ್ ಮೈರನ್ ಕೋಪ್ ಶುರುಮಾಡಿದ ಟೆರಿಬಲ್ ಟವೆಲ್. ಆಮೇಲೆ ಅದರ ಹಕ್ಕನ್ನು ಅಂಗವಿಕಲರನ್ನು ನೋಡಿಕೊಳ್ಳುವ ಸಂಸ್ಥೆಯೊಂದಕ್ಕೆ ಬರೆದುಕೊಟ್ಟರು. ನಾನು ಬಂದ ಹೊಸದರಲ್ಲಿ ಅದರಲ್ಲಿ ಚೆಲ್ಲಿದ ಕಾಫಿ ಒರೆಸಲು ಕೈಹಾಕಿದೆ. ಮನೆಯಾಕೆ ಕೈಯಿಂದ ಕಿತ್ತುಕೊಂಡು ತನ್ನ ಸ್ವೆಟರ್ ತೋಳಿನಿಂದಲೇ ಒರೆಸಿಬಿಟ್ಟಳು.

ಕೊನೆಯದಾಗಿ, ಡ್ರಾಫ್ಟ್‌ನ ಮೊದಲ ಸುತ್ತು ಗುರುವಾರ ರಾತ್ರಿ. ಗುರುವಾರ ಅಂತ ರಾಯರ ಭಜನೆ ಇಟ್ಟುಕೊಂಡು ಅಕ್ಕಪಕ್ಕದವರನ್ನು ಕರೆಯಬೇಡಿ. ಬರುತ್ತಾರೆ, ಆದರೆ ಕಣ್ಣು ಫೋನಿನಲ್ಲಿರುತ್ತದೆ. 2022ರಲ್ಲಿ ನಮ್ಮನೆಯಲ್ಲಿ ಹಾಗೇ ಆಯಿತು. ಭಜನೆ, ಊಟ ಎಲ್ಲ ಮುಗಿದು ಎಲೆಅಡಿಕೆ ಹೊತ್ತಿಗೆ ಪಕ್ಕದ ಮನೆಯಾತ ಇದ್ದಕ್ಕಿದ್ದಂತೆ ಎದ್ದು ನಿಂತು "ಪಿಕೆಟ್!" ಅಂತ ಕೂಗಿದ. ಮೈಸೂರಿನಿಂದ ಬಂದಿದ್ದ ಅಮ್ಮ ಮೂಲೆಯಲ್ಲಿ ತೂಕಡಿಸುತ್ತಿದ್ದವರು ಬೆಚ್ಚಿ ಎದ್ದು ಕೇಳಿದರು: "ಯಾರ ವಿಕೆಟ್ ಬಿತ್ತೋ?"