ಮಲೆನಾಡಿನಿಂದ ಬ್ರಿಸ್ಟಲ್‌ಗೆ ಬಂದವರು ನೋಡಲೇಬೇಕಾದ ಗೋಡೆಗಳು

ಸಾಗರ, ತೀರ್ಥಹಳ್ಳಿ, ಶಿವಮೊಗ್ಗ ಕಡೆಯಿಂದ ಓದಲಿಕ್ಕೋ ಕೆಲಸಕ್ಕೋ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಬಂದವರು ಮೊದಲು ಕೇಳುವುದು ಬಾಡಿಗೆ ಮನೆ, ಬಸ್ಸು, ಅಕ್ಕಿ ಎಲ್ಲಿ ಸಿಗುತ್ತದೆ ಅಂತ. ಅದೆಲ್ಲ ಬೇಗ ಗೊತ್ತಾಗುತ್ತದೆ. ನಾನು ಹೇಳಹೊರಟಿರುವುದು ಬ್ಯಾಂಕ್ಸಿ ಬಗ್ಗೆ. ಈ ಊರಿನ ಬೀದಿಗಳಲ್ಲಿ ಚಿತ್ರ ಬರೆಯಲು ಶುರುಮಾಡಿ ಲೋಕಕ್ಕೆಲ್ಲ ಪರಿಚಯವಾದ ಹೆಸರು ಅದು. ಆದರೂ ತಾನು ಯಾರೆಂದು ಬ್ಯಾಂಕ್ಸಿ ಬಾಯಿಬಿಟ್ಟು ಹೇಳಿಲ್ಲ. ಆ ಗುಟ್ಟಿನ ಹಿಂದೆ ಬೀಳಬೇಡಿ. ಗೋಡೆ ನೋಡಿ.

ಹೆಸರು ಹಾಕದೆ ಗೋಡೆಗೆ ಬರೆಯುವುದು ನಮ್ಮ ಕಡೆಯವರಿಗೆ ಹೊಸತೇನಲ್ಲ, ಅಲ್ವಾ? ದೀವರ ಮನೆಗಳಲ್ಲಿ ಮದುವೆಗೆ ಹಸೆ ಚಿತ್ತಾರ ಬರೆಯುವ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ತಾಳ್ಮೆಯಾಗಿ ಗೆರೆ ಎಳೆಯುತ್ತಾರೆ. ಆದರೆ ಅಲ್ಲಿ ಬರೆದವರು ಯಾರೆಂದು ಊರಿಗೆ ಗೊತ್ತು, ಗೋಡೆಯೂ ಮನೆಯವರದೇ. ಇಲ್ಲಿ ಗೋಡೆ ಬೇರೆಯವರದು. ಪೊಲೀಸರು ಬರುವುದರೊಳಗೆ ಮುಗಿಸಬೇಕು. ಅದಕ್ಕೇ ಬ್ಯಾಂಕ್ಸಿ ಮೊದಲೇ ಕತ್ತರಿಸಿಟ್ಟ ಅಚ್ಚಿನ ಮೇಲೆ ಸ್ಪ್ರೇ ಹೊಡೆಯುವ ಸ್ಟೆನ್ಸಿಲ್ ದಾರಿ ಹಿಡಿದದ್ದು.

ನಡಿಗೆಯನ್ನು ಕಾಲೇಜ್ ಗ್ರೀನ್‌ನಿಂದ ಶುರುಮಾಡಿ. ಅಲ್ಲಿ ರಾಜಾ ರಾಮಮೋಹನ ರಾಯ್ ಅವರ ಪ್ರತಿಮೆಯಿದೆ. 1833ರಲ್ಲಿ ಅವರು ತೀರಿಕೊಂಡದ್ದು ಇದೇ ಊರಿನಲ್ಲಿ. ಪಕ್ಕದ ಪಾರ್ಕ್ ಸ್ಟ್ರೀಟ್ ಹತ್ತುವಾಗ ಸೇತುವೆ ಮೇಲೆ ನಿಂತು ಕೆಳಗಿನ ಫ್ರಾಗ್‌ಮೋರ್ ಸ್ಟ್ರೀಟ್ ಕಡೆ ನೋಡಿ. ಗಂಡ ಕಿಟಕಿಯಿಂದ ಹೊರಗೆ ಹುಡುಕುತ್ತಿದ್ದಾನೆ, ಪಕ್ಕದಲ್ಲಿ ಹೆಂಡತಿ, ಕಿಟಕಿ ಅಂಚಿಗೆ ಒಂದು ಕೈಯಲ್ಲಿ ಜೋತುಬಿದ್ದ ಬೆತ್ತಲೆ ಪ್ರಿಯಕರ. 2006ರದ್ದು. ಆಗ ಆ ಕಟ್ಟಡದಲ್ಲಿದ್ದದ್ದು ಲೈಂಗಿಕ ಆರೋಗ್ಯದ ಕ್ಲಿನಿಕ್! ಅಳಿಸಬೇಕೇ ಎಂದು ನಗರಸಭೆ ಜನರನ್ನೇ ಕೇಳಿತು. ಇರಲಿ ಎಂದವರೇ ಜಾಸ್ತಿ, ಹಾಗಾಗಿ ಉಳಿಯಿತು. ನನಗೆ ಈ ಊರು ಇಷ್ಟವಾಗುವುದು ಇಂಥದ್ದಕ್ಕೇ. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಚಿತ್ರದಲ್ಲಿ ಏನಿದೆ ಎಂದು ಮೊದಲೇ ಹೇಳಿಬಿಡಿ.

ಸ್ಟೋಕ್ಸ್ ಕ್ರಾಫ್ಟ್‌ನಲ್ಲಿ 1999ರ ಚಿತ್ರ: ಪೊಲೀಸರತ್ತ ಪೆಟ್ರೋಲ್ ಬಾಂಬ್ ಎಸೆಯಲು ನಿಂತ ಕರಡಿ ಬೊಂಬೆ. ಬಂದರಿನ ಬಳಿ 2014ರ ಹುಡುಗಿ ಇದ್ದಾಳೆ, ಅವಳ ಕಿವಿಯೋಲೆಯೇ ಗೋಡೆಯ ಅಲಾರಂ ಪೆಟ್ಟಿಗೆ. 2020ರಲ್ಲಿ ಯಾರೋ ಅವಳಿಗೆ ಮಾಸ್ಕ್ ತೊಡಿಸಿದ್ದರು. ಮಳೆ ಹಿಡಿದರೆ ಎಂ ಶೆಡ್ ಮ್ಯೂಸಿಯಂಗೆ ಹೋಗಿ, ಟಿಕೆಟ್ ಇಲ್ಲ. ಥೆಕ್ಲಾ ಎಂಬ ಹಡಗಿನ ಮೈಮೇಲಿದ್ದ ಸಾವಿನ ದೂತನ ಚಿತ್ರವನ್ನು ಅಲ್ಲಿ ತಂದಿಟ್ಟಿದ್ದಾರೆ.

ಒಂದು ಸಂಗತಿ ಮಾತ್ರ ಎಲ್ಲರಿಗೂ ಹೇಳುತ್ತೇನೆ. 2014ರಲ್ಲಿ ಹುಡುಗರ ಕ್ಲಬ್ಬೊಂದರ ಹತ್ತಿರ, ಅಪ್ಪಿಕೊಂಡೇ ತಮ್ಮ ತಮ್ಮ ಫೋನ್ ನೋಡುತ್ತಿರುವ ಜೋಡಿಯ ಚಿತ್ರ ಕಾಣಿಸಿತು. ದುಡ್ಡಿಲ್ಲದೆ ಒದ್ದಾಡುತ್ತಿದ್ದ ಆ ಕ್ಲಬ್ ಅದನ್ನು ಇಟ್ಟುಕೊಳ್ಳಬಹುದೆಂದು ಬ್ಯಾಂಕ್ಸಿ ಕಾಗದ ಬರೆದುಕೊಟ್ಟರು. ಅದು 4,03,000 ಪೌಂಡಿಗೆ ಮಾರಾಟವಾಯಿತು. ಕ್ಲಬ್ ಉಳಿಯಿತು.

ಹೊಸ ಚಿತ್ರ ಬಂದಿದೆ ಎಂದು ಕೇಳಿದರೆ ಅವತ್ತೇ ಹೋಗಿ. 2020ರ ಫೆಬ್ರವರಿಯಲ್ಲಿ ಬಾರ್ಟನ್ ಹಿಲ್‌ನಲ್ಲಿ ಮೂಡಿದ ಕವಣೆ ಹುಡುಗಿಯ ಚಿತ್ರವನ್ನು ಕೆಲವೇ ದಿನಗಳಲ್ಲಿ ಯಾರೋ ಗೀಚಿ ಕೆಡಿಸಿದರು. ಮನೆಯ ಗೋಡೆಯಾದರೆ ಒಳಗೆ ಜನ ಇರುತ್ತಾರೆ, ಕಿಟಕಿ ಮುಂದೆ ನಿಂತು ಫೋಟೊ ತೆಗೆಯಬೇಡಿ. ಮಕ್ಕಳಿಗೂ ಹೇಳಿ, ಅನುಮತಿ ಇಲ್ಲದೆ ಬೇರೆಯವರ ಗೋಡೆಗೆ ಬಣ್ಣ ಹೊಡೆಯುವುದು ಇಲ್ಲಿ ಅಪರಾಧ. ಅವರಿಗೆ ಬಣ್ಣದ ಹುಚ್ಚಿದ್ದರೆ ಬೆಡ್‌ಮಿನ್‌ಸ್ಟರ್‌ನಲ್ಲಿ ಅಪ್‌ಫೆಸ್ಟ್ ಎಂಬ ಬೀದಿಚಿತ್ರಗಳ ಹಬ್ಬ ನಡೆಯುವಾಗ ಕರೆದುಕೊಂಡು ಹೋಗಿ. ಕಲಾವಿದರು ಹಗಲಲ್ಲೇ, ಎಲ್ಲರ ಎದುರೇ ಗೋಡೆಗೆ ಬರೆಯುತ್ತಿರುತ್ತಾರೆ.