ಕಾರಿನಲ್ಲಿ ಈಡು ತುಂಬಿದ ಕೋವಿ: ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರು ತಿಳಿದಿರಬೇಕಾದದ್ದು

ಹೊಸ ದೇಶ, ರಾತ್ರಿ ಹೊತ್ತಿನ ಹೈವೇ, ಟಿವಿ ಹಾಕಿದರೆ ಗುಂಡಿನ ಸುದ್ದಿ. ಇಲ್ಲಿಗೆ ಬಂದ ಮೊದಲ ವರ್ಷದಲ್ಲಿ ಬಹಳ ಜನ ಕೇಳುವ ಪ್ರಶ್ನೆ ಇದು: ಪಕ್ಕದ ಮನೆಯವರ ಪಿಕಪ್‌ನಲ್ಲಿ ಯಾವಾಗಲೂ ಒಂದು ಶಾಟ್‌ಗನ್ ಇರುತ್ತದಲ್ಲ, ನಮ್ಮ ರಕ್ಷಣೆಗೆ ನಾವೂ ಒಂದು ಇಟ್ಟುಕೊಳ್ಳಬಹುದಾ? ಬಹುಪಾಲು ಹೊಸಬರಿಗೆ ಉತ್ತರ "ಬೇಡ" ಎಂದೇ. ಪಕ್ಕದ ಮನೆಯವರಿಗೆ ಸಣ್ಣ ದಂಡದಲ್ಲಿ ಮುಗಿಯುವ ತಪ್ಪು ನಿಮ್ಮನ್ನು ಈ ದೇಶದಿಂದಲೇ ಹೊರಗೆ ಹಾಕಬಲ್ಲದು.

ಮೊದಲು ವೀಸಾ ನೋಡಿಕೊಳ್ಳಿ

ಎಚ್‌1ಬಿ, ಎಚ್‌4, ಎಲ್‌1, ಎಫ್‌1, ಬಿ2, ಇವೆಲ್ಲ ವಲಸೆಯೇತರ ವೀಸಾಗಳು. ಓಪಿಟಿಯಲ್ಲಿ, ಅಂದರೆ ಓದಿಗೆ ಸಂಬಂಧಿಸಿದ ತಾತ್ಕಾಲಿಕ ಕೆಲಸದ ಅನುಮತಿಯ ಮೇಲೆ, ಕೆಲಸ ಮಾಡುತ್ತಿರುವವರೂ ಎಫ್‌1ನಲ್ಲೇ ಇರುತ್ತಾರೆ. ಈ ವೀಸಾಗಳಲ್ಲಿ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದಿರುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. 2022ರ ತಿದ್ದುಪಡಿಯ ನಂತರ ಗರಿಷ್ಠ ಶಿಕ್ಷೆ 15 ವರ್ಷ. ರಾಜ್ಯ ಎಷ್ಟೇ ಸಡಿಲವಾಗಿರಲಿ, ಟೆಕ್ಸಾಸ್ ಆಗಲಿ ಅರಿಜೋನಾ ಆಗಲಿ, ಈ ನಿಷೇಧ ಎಲ್ಲ ಕಡೆಯೂ ಒಂದೇ.

ಇದಕ್ಕೆ ಮುಖ್ಯವಾದ ಒಂದು ವಿನಾಯಿತಿ ಉಂಟು. ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಈ ನಿಷೇಧ ಅನ್ವಯಿಸುವುದಿಲ್ಲ. ಶೂಟಿಂಗ್ ರೇಂಜ್‌ಗೆ ಹೋಗುವ ಎಚ್‌1ಬಿಯವರು ಇದನ್ನು ಸರಿಯಾಗಿ ತಿಳಿದಿರಬೇಕು. ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡ ಬಂದೂಕನ್ನು ಕೈಯಲ್ಲಿ ಹಿಡಿಯುವುದೂ ಕಾನೂನಿನ ಕಣ್ಣಿಗೆ ಹೊಂದಿರುವುದೇ. ಕೌಂಟರಿನವರು ಕೇಳಲಿಲ್ಲ ಎಂಬುದು ರಕ್ಷಣೆಯಾಗದು. ಬೇಟೆ ಲೈಸೆನ್ಸ್ ಸಿಕ್ಕಿತೆಂದು ಕಾರಿನಲ್ಲಿ ಈಡು ತುಂಬಿ ಇಟ್ಟುಕೊಳ್ಳುವ ಹಕ್ಕೂ ಸಿಕ್ಕಿದಂತಲ್ಲ. ಅದನ್ನು ನಿರ್ಧರಿಸುವುದು ರಾಜ್ಯದ ಕಾನೂನು.

ಖರೀದಿಯ ಸಮಯದಲ್ಲಿ ಅಂಗಡಿಯವರು 4473 ಎಂಬ ಫಾರಂ ತುಂಬಿಸುತ್ತಾರೆ. ನಿಮ್ಮ ಪೌರತ್ವ, ವಲಸೆ ಸ್ಥಿತಿ, ಗಾಂಜಾ ಬಳಕೆ ಎಲ್ಲವನ್ನೂ ಅದು ಕೇಳುತ್ತದೆ. ಸುಳ್ಳು ಬರೆದರೆ ಬಂದೂಕು ಕೈಗೆ ಬಾರದಿದ್ದರೂ ಅದೇ ಪ್ರತ್ಯೇಕ ಅಪರಾಧ. ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧವಾಗಿದ್ದರೂ ಫೆಡರಲ್ ಲೆಕ್ಕದಲ್ಲಿ ಅಲ್ಲ ಎಂದು ಫಾರಂನಲ್ಲೇ ಎಚ್ಚರಿಕೆ ಇದೆ.

ಎಡವಟ್ಟಾಗುವುದು ಹೆಚ್ಚಾಗಿ ಹಂಚಿಕೊಂಡ ಕಾರಿನಲ್ಲಿ. ಗಂಡ ಗ್ರೀನ್ ಕಾರ್ಡ್‌ನವರು, ಅವರ ಹೆಸರಲ್ಲಿ ಕೋವಿ ಇದೆ, ಅದು ಡಿಕ್ಕಿಯಲ್ಲಿದೆ. ಹೆಂಡತಿ ಇನ್ನೂ ವಲಸೆಯೇತರ ವೀಸಾದಲ್ಲಿದ್ದಾರೆ, ಅದೇ ಕಾರಿನಲ್ಲಿ ದಿನಸಿ ತರಲು ಹೊರಟಿದ್ದಾರೆ. ಬಂದೂಕು ಅಲ್ಲಿದೆ ಎಂದು ಗೊತ್ತಿದ್ದು, ಅದರ ಮೇಲೆ ಹಿಡಿತವೂ ಇದ್ದರೆ, ಮುಟ್ಟದಿದ್ದರೂ ಹೊಂದಿದ್ದೀರಿ ಎಂದು ಸರ್ಕಾರಿ ವಕೀಲರು ವಾದಿಸಬಹುದು. ಗೆಳೆಯರ ಜೊತೆ ರೋಡ್ ಟ್ರಿಪ್ ಹೋದಾಗ, ಸೀಟಿನ ಹಿಂದೆ ಯಾರದೋ ರೈಫಲ್ ಇರುವ ಕಾರಿನ ಸ್ಟಿಯರಿಂಗ್ ಹಿಡಿದವರಿಗೂ ಇದೇ ಅಪಾಯ. ಮನೆಯಲ್ಲಿ ಒಬ್ಬರಾದರೂ ವೀಸಾದಲ್ಲಿದ್ದರೆ ಬಂದೂಕು ಇರಬೇಕಾದದ್ದು ಅವರಿಗೆ ಕೀಲಿಯಾಗಲಿ ಕೋಡ್ ಆಗಲಿ ಸಿಗದ ಸೇಫಿನಲ್ಲಿ. ಇಬ್ಬರೂ ಓಡಿಸುವ ಕಾರಿನಲ್ಲಿ ಬೇಡವೇ ಬೇಡ.

ಕೊಡಗಿನವರಿಗೂ ಮಲೆನಾಡಿನವರಿಗೂ ಒಂದು ಮಾತು. ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ ಮಾಡಿ ಬೆಳೆದವರಿಗೆ, ಅಡಿಕೆ ತೋಟದ ಮನೆಯಲ್ಲಿ ಬೆಳೆ ರಕ್ಷಣೆಯ ಜೋಡಿ ನಳಿಗೆ ಕೋವಿ ನೋಡಿದವರಿಗೆ ಬಂದೂಕಿನ ಭಯ ಕಡಿಮೆ. ಅಲ್ಲಿಯ ವಿನಾಯಿತಿ, ಪರವಾನಗಿ ಯಾವುದೂ ಇಲ್ಲಿ ನಡೆಯುವುದಿಲ್ಲ.

ಗ್ರೀನ್ ಕಾರ್ಡ್ ಇದ್ದರೂ

ಗ್ರೀನ್ ಕಾರ್ಡ್ ಕೈಗೆ ಬಂದವರು ಫೆಡರಲ್ ಕಾನೂನಿನಂತೆ ಬಂದೂಕು ಕೊಳ್ಳಬಹುದು. ಆದರೆ ವಲಸೆ ಕಾನೂನಿನಲ್ಲಿ ಬಂದೂಕಿನ ಅಪರಾಧಗಳಿಗೆ ಪ್ರತ್ಯೇಕ ಕಲಮೇ ಇದೆ. ಕಾನೂನಿಗೆ ವಿರುದ್ಧವಾಗಿ ಬಂದೂಕು ಹೊಂದಿದ, ಒಯ್ದ ಅಥವಾ ಬಳಸಿದ ಕಾರಣಕ್ಕೆ ಶಿಕ್ಷೆಯಾದರೆ, ಅಮೆರಿಕಕ್ಕೆ ಬಂದು ಎಷ್ಟು ವರ್ಷವಾಗಿದ್ದರೂ ಗಡೀಪಾರಿಗೆ ಗುರಿಯಾಗಬಹುದು. ರಾಜ್ಯದ ಕೋರ್ಟು "ಮಿಸ್‌ಡಿಮೀನರ್ (ಸಣ್ಣ ಅಪರಾಧ), ದಂಡ ಕಟ್ಟಿ ಹೋಗಿ" ಎಂದ ಪ್ರಕರಣವೂ ಈ ಬಲೆಗೆ ಬೀಳಬಹುದು. ಬೇಗ ಮುಗಿಯಲಿ ಎಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅಲ್ಲೇ ಕೆಟ್ಟಿತು. ತಪ್ಪೊಪ್ಪಿಗೆಯಿಂದ ಗಡೀಪಾರಾಗುವ ಅಪಾಯವಿದ್ದರೆ ಕ್ರಿಮಿನಲ್ ವಕೀಲರು ಅದನ್ನು ಕಕ್ಷಿದಾರರಿಗೆ ತಿಳಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಹೇಳಿದೆ. ಆದರೂ ಸಹಿ ಹಾಕುವ ಮೊದಲು ವಲಸೆ ವಕೀಲರನ್ನೇ ಪ್ರತ್ಯೇಕವಾಗಿ ಕೇಳಿ.

ರಾಜ್ಯಕ್ಕೊಂದು ನಿಯಮ

ಹೊಸಬರು ಸಾಮಾನ್ಯವಾಗಿ ತಪ್ಪು ತಿಳಿಯುವ ವಿಷಯವಿದು. ಪಿಸ್ತೂಲಿಗೆ ಇಲ್ಲದ ಕಟ್ಟು ಉದ್ದ ಬಂದೂಕಿಗೆ, ಅಂದರೆ ರೈಫಲ್, ಶಾಟ್‌ಗನ್‌ಗಳಿಗೆ, ಇರುವ ರಾಜ್ಯಗಳು ಸಾಕಷ್ಟಿವೆ. ರಸ್ತೆಬದಿ ಕಾರು ನಿಲ್ಲಿಸಿ ಜಿಂಕೆಗೆ ಗುಂಡು ಹೊಡೆಯುವುದನ್ನು ತಡೆಯಲು ಬಂದ ನಿಯಮಗಳು ಇವುಗಳಲ್ಲಿ ಅನೇಕ. ಬಂದೂಕು ಜೊತೆಗೆ ಒಯ್ಯಲು ರಾಜ್ಯ ಕೊಡುವ ಕ್ಯಾರಿ ಪರ್ಮಿಟ್ ಇದೆ, ಎಲ್ಲಕ್ಕೂ ಆಯಿತು ಎಂದುಕೊಂಡರೆ ಸಿಕ್ಕಿಬೀಳುತ್ತೀರಿ.

ವಾಷಿಂಗ್ಟನ್ ರಾಜ್ಯದಲ್ಲಿ, ಅಂದರೆ ಬೆಲ್‌ವ್ಯೂ, ರೆಡ್ಮಂಡ್ ಕಡೆಯವರಿಗೆ, ಚೇಂಬರಿನಲ್ಲಾಗಲಿ (ಹಾರಲು ಸಿದ್ಧವಾದ ತೋಟಾ ಕೂರುವ ಜಾಗ) ಮ್ಯಾಗಜಿನ್‌ನಲ್ಲಾಗಲಿ (ಉಳಿದ ತೋಟಾಗಳ ಡಬ್ಬಿ ಅಥವಾ ಕೊಳವೆ) ತೋಟಾ ಇರುವ ರೈಫಲ್ ಅಥವಾ ಶಾಟ್‌ಗನ್ ವಾಹನದಲ್ಲಿ ಇರುವಂತಿಲ್ಲ. ಚೇಂಬರ್ ಖಾಲಿ ಇತ್ತು ಎಂದರೆ ಸಾಲದು. ಪೆನ್ಸಿಲ್ವೇನಿಯಾದ ಕ್ಯಾರಿ ಲೈಸೆನ್ಸ್ ಪಿಸ್ತೂಲಿಗೆ ಮಾತ್ರ, ಈಡು ತುಂಬಿದ ಉದ್ದ ಬಂದೂಕು ಕಾರಿನಲ್ಲಿ ನಿಷಿದ್ಧ. ಓಹಾಯೊ, ಮಿಷಿಗನ್, ವಿಸ್ಕಾನ್ಸಿನ್‌ಗಳಲ್ಲೂ ಖಾಲಿಯೇ ಇರಬೇಕು. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ರಸ್ತೆಯ ಮೇಲೆ ಈಡು ತುಂಬಿದ ಬಂದೂಕನ್ನು ಕಾರಿನಲ್ಲಿ ಇಟ್ಟುಕೊಂಡರೆ ಅಪರಾಧ. ಇಲಿನಾಯ್‌ನಲ್ಲಿ ಬಂದೂಕು ಹೊಂದಲೇ ಎಫ್‌ಒಐಡಿ ಎಂಬ, ಬಂದೂಕು ಮಾಲೀಕರ ಗುರುತಿನ ಕಾರ್ಡ್ ಬೇಕು. ಎಡಿಸನ್, ಜೆರ್ಸಿ ಸಿಟಿಯವರಿಗೆ ನ್ಯೂಜೆರ್ಸಿ ಕಾನೂನು ಇನ್ನೂ ಬಿಗಿ: ಖಾಲಿ ಮಾಡಿ, ಮುಚ್ಚಿ ಬಿಗಿದ ಪೆಟ್ಟಿಗೆಯಲ್ಲಿ ಅಥವಾ ಡಿಕ್ಕಿಯಲ್ಲಿ ಒಯ್ಯಬೇಕು, ಅದೂ ರೇಂಜಿನಂಥ ಕಾನೂನು ಒಪ್ಪುವ ಕಡೆಗಳಿಗೆ ಮಾತ್ರ. ಟೆಕ್ಸಾಸಿನಲ್ಲಿ ಕಾರಿನಲ್ಲಿ ಈಡು ತುಂಬಿದ ರೈಫಲ್ ಇಟ್ಟುಕೊಳ್ಳುವುದನ್ನು ರಾಜ್ಯ ಕಾನೂನು ತಡೆಯುವುದಿಲ್ಲ. ಪಿಕಪ್‌ನ ಶಾಟ್‌ಗನ್ ಮಾತು ಹುಟ್ಟುವುದು ಅಂಥ ರಾಜ್ಯಗಳಲ್ಲಿ.

ಟೆಕ್ಸಾಸಿನಲ್ಲೂ ಶಾಲೆಯೊಂದರ ಮುಂದೆ ಹಾದುಹೋಗುವಾಗ ಲೆಕ್ಕ ಬದಲಾಗುತ್ತದೆ. ಶಾಲೆಯ ಆವರಣದಿಂದ 1000 ಅಡಿಯೊಳಗೆ ಬಂದೂಕು ಹೊಂದಿರುವುದು ಫೆಡರಲ್ ಅಪರಾಧ. ಅದರಿಂದ ಪಾರಾಗಲು ಬಂದೂಕು ಖಾಲಿಯಿದ್ದು ಬೀಗ ಹಾಕಿದ ಪೆಟ್ಟಿಗೆ ಅಥವಾ ರ‍್ಯಾಕಿನಲ್ಲಿರಬೇಕು, ಇಲ್ಲವೇ ಆ ಶಾಲೆಯಿರುವ ರಾಜ್ಯವೇ ಕೊಟ್ಟ ಲೈಸೆನ್ಸ್ ನಿಮ್ಮಲ್ಲಿರಬೇಕು. ಖಾಸಗಿ ಜಾಗಕ್ಕೆ ವಿನಾಯಿತಿ ಇದೆ, ರಸ್ತೆಗೆ ಇಲ್ಲ. ಪ್ಲೇನೊ, ಫ್ರಿಸ್ಕೊದಂಥ ಊರಿನಲ್ಲಿ ಶಾಲೆಯ 1000 ಅಡಿಯೊಳಗೆ ಬಾರದೆ ಮನೆಯಿಂದ ಕಚೇರಿಗೆ ಹೋಗುವ ದಾರಿ ಇದೆಯೇ ಎಂದು ಮ್ಯಾಪ್ ತೆಗೆದು ನೋಡಿ.

ರಾಜ್ಯ ದಾಟುವವರಿಗೆ 1986ರ ಫೆಡರಲ್ ಕಾನೂನು ಸ್ವಲ್ಪ ರಕ್ಷಣೆ ಕೊಡುತ್ತದೆ. ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಆ ಬಂದೂಕು ನಿಮಗೆ ಕಾನೂನುಬದ್ಧವಾಗಿರಬೇಕು, ಖಾಲಿ ಇರಬೇಕು, ಬಂದೂಕು ಮತ್ತು ತೋಟಾ ಎರಡೂ ಕೂತಲ್ಲಿಂದ ಕೈಗೆ ಸಿಗುವಂತಿರಬಾರದು. ಎಸ್‌ಯುವಿ, ಮಿನಿವ್ಯಾನ್‌ಗಳಿಗೆ ಪ್ರತ್ಯೇಕ ಡಿಕ್ಕಿ ಇಲ್ಲದ ಕಾರಣ ಬೀಗ ಹಾಕಿದ ಪೆಟ್ಟಿಗೆ ಬೇಕೇ ಬೇಕು. ಗ್ಲೋವ್ ಬಾಕ್ಸ್ ಮತ್ತು ಸೀಟಿನ ನಡುವಿನ ಕನ್ಸೋಲ್‌ಗೆ ಬೀಗವಿದ್ದರೂ ಅವು ಲೆಕ್ಕಕ್ಕಿಲ್ಲ. ನಯಾಗರಾ ನೋಡಲು ಹೋಗುವವರು ಬಂದೂಕನ್ನು ಮನೆಯಲ್ಲೇ ಬಿಡಿ. ತಪ್ಪು ಲೇನ್ ಹಿಡಿದು ಸೇತುವೆ ಹತ್ತಿದರೆ ಆ ಕಡೆ ಕೆನಡಾದ ಗಡಿ ಅಧಿಕಾರಿಗಳು ನಿಂತಿರುತ್ತಾರೆ. ಬಂದೂಕಿದೆ ಎಂದು ಹೇಳದೆ ಹೋದರೆ ಬಂಧನವಾಗಬಹುದು.

ಕೋವಿ ಮತ್ತು ಕಾರಿನ ಕುಲುಕಾಟ

ಕಾನೂನು ಒಪ್ಪುವ ರಾಜ್ಯದಲ್ಲಿದ್ದರೂ ಈಡು ತುಂಬಿದ ಉದ್ದ ಬಂದೂಕು ಕಾರಿಗೆ ಹೊಂದುವುದಿಲ್ಲ. ಇಂದಿನ ಒಳ್ಳೆಯ ಪಿಸ್ತೂಲುಗಳ ಒಳಗೆ, ಟ್ರಿಗರ್ ಎಳೆಯದೆ, ತೋಟಾದ ಕೇಪಿಗೆ ಬಡಿಯುವ ಫೈರಿಂಗ್ ಪಿನ್ ಮುಂದಕ್ಕೆ ಹೋಗದಂತೆ ತಡೆ ಇರುತ್ತದೆ. ರೈಫಲ್, ಶಾಟ್‌ಗನ್‌ಗಳಲ್ಲಿ ಹೆಚ್ಚಿನವಕ್ಕೆ ಆ ತಡೆ ಇಲ್ಲ. ಸಾಮಾನ್ಯ ಪಂಪ್ ಶಾಟ್‌ಗನ್‌ನ ಸೇಫ್ಟಿ ಗುಂಡಿ ಟ್ರಿಗರನ್ನು ಮಾತ್ರ ಹಿಡಿದಿಡುತ್ತದೆ, ಒಳಗಿನ ಹ್ಯಾಮರ್ ಮತ್ತು ಪಿನ್ನನ್ನು ಹಿಡಿಯುವುದಿಲ್ಲ. ಎಆರ್-15 ಮಾದರಿಯ ರೈಫಲ್‌ನಲ್ಲಿ ಪಿನ್ ಸಡಿಲವಾಗಿ ಓಡಾಡುತ್ತಿರುತ್ತದೆ. ಬೋಲ್ಟ್ (ಚೇಂಬರಿನ ಹಿಂಬದಿ ಮುಚ್ಚುವ ಭಾಗ) ಮುಚ್ಚಿದಾಗ ಪಿನ್ ತೋಟಾದ ಕೇಪಿಗೆ ತಾಗಿ ಸಣ್ಣ ಚುಕ್ಕಿಯಂಥ ಗುರುತು ಬಿಡುವುದನ್ನು ಯಾರಾದರೂ ತೆಗೆದು ನೋಡಬಹುದು. ಚೇಂಬರಿನಲ್ಲಿ ತೋಟಾ ಇಟ್ಟು ಇದನ್ನು ಗುಂಡಿಬಿದ್ದ ರಸ್ತೆಯಲ್ಲಿ ತಿಂಗಳುಗಟ್ಟಲೆ ಕುಲುಕಿದರೆ, ಅಥವಾ ಅಪಘಾತದಲ್ಲಿ ಅದು ಎಗರಿ ಬಿದ್ದರೆ, ಗುಂಡು ಹಾರುವ ಅಪಾಯ ನಿಜವಾದದ್ದು. ಶಾಟ್‌ಗನ್ ಇಟ್ಟುಕೊಳ್ಳುವ ಪೊಲೀಸರು ಕೂಡ ಸಾಮಾನ್ಯವಾಗಿ ಚೇಂಬರ್ ಖಾಲಿ ಇಟ್ಟು, ಗಾಡಿಗೆ ಬೋಲ್ಟ್ ಹಾಕಿದ ಬೀಗದ ರ‍್ಯಾಕಿನಲ್ಲಿ ಇಡುತ್ತಾರೆ.

ಇನ್ನು ಉದ್ದ. 18.5 ಇಂಚಿನ ನಳಿಗೆಯ ಪಂಪ್ ಶಾಟ್‌ಗನ್ ಒಟ್ಟು 38-39 ಇಂಚು ಬರುತ್ತದೆ. ಸೀಟ್ ಬೆಲ್ಟ್ ಹಾಕಿ ಕೂತವರು ಅದನ್ನು ಎಳೆದು ತಿರುಗಿಸುವಾಗ ಸ್ಟಿಯರಿಂಗ್‌ಗೆ ಸಿಕ್ಕಿಕೊಳ್ಳುತ್ತದೆ, ನಳಿಗೆ ಪಕ್ಕದ ಸೀಟಿನವರ ಎದೆಯ ಮೇಲಿಂದಲೇ ಹಾದುಹೋಗುತ್ತದೆ. ಮುಚ್ಚಿದ ಕಾರಿನೊಳಗೆ ಒಂದೇ ಈಡು ಹಾರಿದರೂ ಕಿವಿಗೆ ಆಗುವ ಹಾನಿ ಶಾಶ್ವತವಾಗಿರಬಹುದು. ಹಿಂದಿನ ಸೀಟಿನ ಮಗುವಿನ ಕಿವಿಯೂ ಅಲ್ಲೇ ಇದೆ.

ಒಯ್ಯಲೇಬೇಕಾದಾಗ

ಬೇಟೆಗೋ ರೇಂಜಿಗೋ ಒಯ್ಯುವ ಹಕ್ಕಿರುವವರು ಮನೆಯೊಳಗೇ ಖಾಲಿ ಮಾಡಿ ಪೆಟ್ಟಿಗೆಗೆ ಹಾಕಿ ಹೊರಗೆ ಬರಬೇಕು. ಪಾರ್ಕಿಂಗ್‌ನಲ್ಲಿ ರೈಫಲ್ ಹಿಡಿದು ನಿಂತವರನ್ನು ಕಂಡರೆ ಯಾರಾದರೂ 911ಕ್ಕೆ ಫೋನ್ ಮಾಡುತ್ತಾರೆ.

ಮ್ಯಾಗಜಿನ್ ಇರುವ ರೈಫಲ್ ಆದರೆ ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ, ಬೆರಳು ಟ್ರಿಗರಿನಿಂದ ದೂರವಿಟ್ಟು, ಸೇಫ್ಟಿ ಹಾಕಿ. ಮೊದಲು ಮ್ಯಾಗಜಿನ್ ಕಳಚಿ. ಆಮೇಲೆ ಬೋಲ್ಟ್ ಎಳೆದು ಚೇಂಬರಿನ ತೋಟಾ ಹೊರಹಾಕಿ, ಬೋಲ್ಟನ್ನು ಹಿಂದಕ್ಕೇ ಲಾಕ್ ಮಾಡಿ, ಕಣ್ಣಿನಿಂದ ನೋಡಿ, ಬೆರಳು ಹಾಕಿ ಮುಟ್ಟಿ. ಈ ಕ್ರಮ ತಿರುವುಮುರುವಾದರೆ, ಬೋಲ್ಟ್ ಎಳೆದಾಗ ಒಂದು ತೋಟಾ ಹೊರಬಿದ್ದು ಮ್ಯಾಗಜಿನ್‌ನಿಂದ ಇನ್ನೊಂದು ಒಳಗೆ ಹೋಗುತ್ತದೆ. ನಂತರ ಮ್ಯಾಗಜಿನ್ ತೆಗೆದು "ಖಾಲಿ" ಎಂದುಕೊಂಡ ಬಂದೂಕಿನಿಂದಲೇ ಗುಂಡು ಹಾರುವುದು ಹೀಗೆ. ಪಂಪ್ ಶಾಟ್‌ಗನ್‌ನಲ್ಲಿ ನಳಿಗೆಯ ಕೆಳಗಿನ ಕೊಳವೆಯಲ್ಲಿ ಕೊನೆಯ ತೋಟಾ ಸಿಕ್ಕಿಕೊಂಡು ಉಳಿಯುವುದುಂಟು. ಒಳಗಿನ ಫಾಲೋವರ್ ಎಂಬ ಬಿಲ್ಲೆ ಕಣ್ಣಿಗೆ ಕಾಣುವವರೆಗೆ ಖಾಲಿಯಾಯಿತು ಎನ್ನಬೇಡಿ. ಚೇಂಬರ್ ಖಾಲಿ ಎಂದು ತೋರಿಸುವ ಬಣ್ಣದ ಪ್ಲಾಸ್ಟಿಕ್ ಚೇಂಬರ್ ಫ್ಲ್ಯಾಗ್ ಹಾಕಿ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ತೋಟಾವನ್ನು ಬೇರೆ ಡಬ್ಬಿಯಲ್ಲಿ ಇಡಿ.

ದಾರಿಯಲ್ಲಿ ಊಟಕ್ಕೆ ನಿಲ್ಲಿಸುವುದೇ ಕಳ್ಳರಿಗೆ ಸಿಗುವ ಅವಕಾಶ. ಅಮೆರಿಕದಲ್ಲಿ ಕದ್ದ ಬಂದೂಕುಗಳಲ್ಲಿ ದೊಡ್ಡ ಪಾಲು ಕಾರುಗಳಿಂದಲೇ ಹೋದವು. ಪೆಟ್ಟಿಗೆಯನ್ನು ಉಕ್ಕಿನ ಕೇಬಲ್‌ನಿಂದ ಸೀಟಿನ ಚೌಕಟ್ಟಿಗೋ ಡಿಕ್ಕಿಯ ಕೊಂಡಿಗೋ ಬಿಗಿಯಿರಿ, ಹಿಂದಿನ ಗಾಜಿಗೆ ಬಂದೂಕು ಕಂಪನಿಯ ಸ್ಟಿಕ್ಕರ್ ಅಂಟಿಸಬೇಡಿ, ರಾತ್ರಿ ಕಾರಿನಲ್ಲಿ ಬಿಡಬೇಡಿ. ಕೊಲರಾಡೊದಲ್ಲಿ 2025ರಿಂದ ಜನರಿಲ್ಲದ ಕಾರಿನಲ್ಲಿ ಬೀಗವಿಲ್ಲದೆ ಬಂದೂಕು ಬಿಡುವಂತಿಲ್ಲ. ಸೀರಿಯಲ್ ನಂಬರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಕಳುವಾದರೆ ನ್ಯೂಜೆರ್ಸಿಯಲ್ಲಿ 36 ಗಂಟೆಯೊಳಗೆ, ನ್ಯೂಯಾರ್ಕಿನಲ್ಲಿ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಲೇಬೇಕು. ಟೆಕ್ಸಾಸಿನಲ್ಲಿ 17ರ ಒಳಗಿನ ಮಕ್ಕಳ ಕೈಗೆ ಈಡು ತುಂಬಿದ ಬಂದೂಕು ಸಿಗುವಂತೆ ಬಿಟ್ಟರೆ ಬಿಟ್ಟವರ ಮೇಲೇ ಕೇಸು.

ಪೊಲೀಸರು ನಿಲ್ಲಿಸಿದರೆ ಎಂಜಿನ್ ಆರಿಸಿ, ಒಳಗಿನ ದೀಪ ಹಾಕಿ, ಎರಡೂ ಕೈ ಸ್ಟಿಯರಿಂಗ್ ಮೇಲಿಡಿ. ಡ್ರೈವಿಂಗ್ ಲೈಸೆನ್ಸ್, ಇನ್ಶೂರೆನ್ಸ್ ಕಾಗದ ಬಂದೂಕಿನ ಹತ್ತಿರ ಇರಬಾರದು. "ಡಿಕ್ಕಿಯಲ್ಲಿ ಖಾಲಿ ರೈಫಲ್ ಇದೆ, ಬೀಗ ಹಾಕಿದೆ" ಎಂದು ಕೈ ಅಲ್ಲಾಡಿಸದೆ ಹೇಳಿ. ಮಿಷಿಗನ್‌ನಲ್ಲಿ ಕ್ಯಾರಿ ಲೈಸೆನ್ಸ್ ಇದ್ದು ಮೈಮೇಲೋ ಕಾರಿನಲ್ಲೋ ಪಿಸ್ತೂಲು ಮರೆಮಾಡಿ ಇಟ್ಟುಕೊಂಡವರು ಕೇಳುವ ಮೊದಲೇ ಹೇಳಬೇಕು.

ರಸ್ತೆಯ ಭಯಕ್ಕೆ ಕೆಲಸ ಮಾಡುವ ಉಪಾಯಗಳು

ಭಯ ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ರಸ್ತೆಯಲ್ಲಿ ಎದುರಾಗುವ ಜಗಳ ಹೆಚ್ಚಾಗಿ ಹಾರ್ನ್, ಓವರ್‌ಟೇಕ್, ಬೆರಳು ತೋರಿಸುವುದರಿಂದ ಶುರುವಾಗುವಂಥದ್ದು. ಅಲ್ಲಿ ಬಂದೂಕು ಎತ್ತಿ ತೋರಿಸಿದವರ ಮೇಲೇ ಕೇಸು ಬೀಳುತ್ತದೆ. ನಿಮ್ಮ ಕೈಯಲ್ಲಿ ಚಕ್ರವಿರುವ ಗಾಡಿ ಇದೆ, ಹೊರಟುಬಿಡಿ. ಸಿಗ್ನಲ್ಲಿನಲ್ಲಿ ಮುಂದಿನ ಕಾರಿನ ಹಿಂದಿನ ಚಕ್ರ ರಸ್ತೆಗೆ ತಾಗುವುದು ಕಾಣುವಷ್ಟು ಜಾಗ ಬಿಟ್ಟು ನಿಂತರೆ ರಿವರ್ಸ್ ತೆಗೆಯದೆ ಪಕ್ಕಕ್ಕೆ ಜಾರಬಹುದು. ಬಾಗಿಲು ಲಾಕ್, ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬೇಡ, ಮುಂದಕ್ಕೂ ಹಿಂದಕ್ಕೂ ನೋಡುವ ಡ್ಯಾಶ್‌ಕ್ಯಾಮ್ ಇರಲಿ. ಹಿಂದೆ ಬೀಳುವವರು ಕಂಡರೆ ಮನೆಗೆ ಹೋಗಬೇಡಿ. ಪೊಲೀಸ್ ಠಾಣೆಗೋ ದೀಪ ಹಾಕಿರುವ ಪೆಟ್ರೋಲ್ ಬಂಕ್‌ಗೋ ಹೋಗಿ, ಕೆಳಗಿಳಿಯದೆ ಫೋನ್ ಮಾಡಿ.

ಪೆಪ್ಪರ್ ಸ್ಪ್ರೇ ಸಾಮಾನ್ಯವಾಗಿ ಸಿಗುತ್ತದೆ, ಆದರೆ ಗಾತ್ರ, ವಯಸ್ಸಿನ ನಿಯಮ ರಾಜ್ಯಕ್ಕೊಂದು. ಅದರ ಡಬ್ಬಿಯನ್ನು ಬೇಸಿಗೆಯಲ್ಲಿ ಕಾರಿನಲ್ಲಿ ಬಿಡಬೇಡಿ, 49 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೋರಬಹುದು, ಒಡೆಯಬಹುದು. 911ಕ್ಕೆ ಮಾತನಾಡುವಾಗ ಮೊದಲು ಜಾಗ ಹೇಳಿ: ಹೈವೇ ನಂಬರ್, ಹೋಗುತ್ತಿರುವ ದಿಕ್ಕು, ಕೊನೆಯದಾಗಿ ಕಂಡ ಹಸಿರು ಮೈಲಿ ಫಲಕದ ಸಂಖ್ಯೆ. ಕರೆ ಅರ್ಧಕ್ಕೆ ಕಡಿದರೂ ಗಾಡಿ ಕಳಿಸಲು ಅವರಿಗೆ ಅಷ್ಟು ಬೇಕು. ಆಮೇಲೆ ಹಿಂದಿರುವ ಗಾಡಿಯ ಬಣ್ಣ, ಮಾದರಿ, ನಂಬರ್ ಪ್ಲೇಟ್ ಹೇಳಿ.